ಕನ್ನಡ ಓದಲು ಇ-ರೀಡರ್: ಯಾವ ಉಪಕರಣ, ಯಾವ ಫಾರ್ಮ್ಯಾಟ್, ಬೀಗ ಹಾಕಿದ ಪುಸ್ತಕಗಳಿಗೆ ಏನು ದಾರಿ?

ಪ್ರಶ್ನೆ: ಡೊಂಬಿವಲಿಯ ಓದುಗಿ

ಎಲ್ಲರಿಗೂ ನಮಸ್ಕಾರ. ಮನೆಗೆ ಇ-ರೀಡರ್ ಕೊಳ್ಳಬೇಕೆಂದಿದ್ದೇನೆ. ಓದುವವರು ನಾನು ಮತ್ತು ನನ್ನ ತಂದೆ. ಇಬ್ಬರ ಅಗತ್ಯವೂ ಬೇರೆ ಬೇರೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ದಿನವೂ ಲೋಕಲ್ ರೈಲಿನಲ್ಲಿ ಹೋಗಿಬರುವವಳು. ಬೆಳಗಿನ ಫಾಸ್ಟ್ ಗಾಡಿಯಲ್ಲಿ ಕೂರಲು ಜಾಗ ಸಿಗುವುದು ಅಪರೂಪ, ಒಂದು ಕೈ ಮೇಲಿನ ಹಿಡಿಕೆಗೇ ಮೀಸಲು. ಹಾಗಾಗಿ ಒಂದೇ ಕೈಯಲ್ಲಿ ಹಿಡಿದು ಅದೇ ಕೈಯಿಂದ ಪುಟ ತಿರುಗಿಸುವಷ್ಟು ಹಗುರವಾದದ್ದು ನನಗೆ ಬೇಕು. ತಂದೆಯವರು ನಿವೃತ್ತರಾಗಿದ್ದು, ಹಗಲಿನ ಬಹುಪಾಲು ಹೊತ್ತು ಮನೆಯಲ್ಲಿಯೇ ಓದುತ್ತಾರೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಸಣ್ಣ ಅಕ್ಷರ ಅವರಿಗೆ ಕಷ್ಟವಾಗುತ್ತಿದೆ. ಅವರ ಓದು ಬಹುತೇಕ ಕನ್ನಡದ್ದು, ಅದರಲ್ಲಿಯೂ ಅಂತರಜಾಲದಿಂದ ಇಳಿಸಿಕೊಂಡ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೇ ಹೆಚ್ಚು. ಮನೆಯಲ್ಲಿ ಇನ್ನೊಂದು ಕಪಾಟಿಗೆ ಜಾಗವಿಲ್ಲ. ಇರುವ ಕಪಾಟಿನ ಕೆಳಸಾಲಿಗೆ ಪ್ರತಿ ಮಳೆಗಾಲದಲ್ಲಿಯೂ ಬೂಷ್ಟು ಹಿಡಿಯುತ್ತದೆ. ಹೀಗಾಗಿ ಮುಂದೆ ಕೊಳ್ಳುವ ಪುಸ್ತಕಗಳಲ್ಲಿ ಸಾಧ್ಯವಾದಷ್ಟನ್ನು ಇ-ಪುಸ್ತಕವಾಗಿಯೇ ಕೊಳ್ಳೋಣವೆಂದು ಇಬ್ಬರೂ ಒಪ್ಪಿದ್ದೇವೆ.

ತೊಡಕು ಇರುವುದು ಫಾರ್ಮ್ಯಾಟ್ ವಿಷಯದಲ್ಲಿ. ಕೆಲವು ಕನ್ನಡ ಇ-ಪುಸ್ತಕಗಳನ್ನು ಒಂದು ಆ್ಯಪ್‌ನಲ್ಲಿ ಹಣ ಕೊಟ್ಟು ಕೊಂಡಿದ್ದೇನೆ. ಅವು ಆ ಆ್ಯಪ್‌ನ ಒಳಗೆ ಮಾತ್ರ ತೆರೆಯುತ್ತವೆ, ಫೈಲ್ ಆಗಿ ಹೊರಗೆ ತೆಗೆಯಲು ಬರುವುದಿಲ್ಲ. ಬೇರೊಂದು ಅಂಗಡಿಯಿಂದ ಕೊಂಡ ಇಂಗ್ಲಿಷ್ ಪುಸ್ತಕಗಳು ಇಪಬ್ ಫಾರ್ಮ್ಯಾಟ್‌ನವು ಎಂದು ಬರೆದಿದ್ದರೂ ಗೆಳತಿಯ ಬಳಿ ಇರುವ, ಅಮೆಜಾನ್ ಕಂಪನಿಯ ಇ-ರೀಡರ್ ಆದ ಕಿಂಡಲ್‌ನಲ್ಲಿ ತೆರೆಯಲಿಲ್ಲ. ಈಗ ಒಂದು ಉಪಕರಣಕ್ಕೆ ದೊಡ್ಡ ಮೊತ್ತ ಸುರಿದು, ಕೊಂಡ ಪುಸ್ತಕಗಳೇ ಅದರಲ್ಲಿ ಬರುವುದಿಲ್ಲವೆಂದಾದರೆ ಏನು ಮಾಡುವುದು? ಕನ್ನಡವನ್ನು ಸರಿಯಾಗಿ ತೋರಿಸುವ, ತಂದೆಯವರ ಸ್ಕ್ಯಾನ್ ಪುಸ್ತಕಗಳಿಗೂ ಆಗಿಬರುವ ಉಪಕರಣ ಯಾವುದು? ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಪುಣೆ, ಕೋಥ್ರುಡ್‌ನಿಂದ

ನಮಸ್ಕಾರ ಮೇಡಂ. ನಾನು ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಇ-ರೀಡರ್‌ಗಳಲ್ಲಿ ಕನ್ನಡ ಓದುವ ಹಂಬಲ ಬಹಳ ದಿನಗಳಿಂದ ಇರುವವನು. ಇಂಗ್ಲಿಷ್ ಮಾತ್ರ ಓದುವವರು ಮೊದಲು ಉಪಕರಣ ಆರಿಸಿ ನಂತರ ಪುಸ್ತಕ ಹುಡುಕಿದರೂ ನಡೆದೀತು. ಕನ್ನಡ ಓದುವವರಿಗೆ ಆ ಕ್ರಮ ಸಲ್ಲುವುದಿಲ್ಲ. ನಮ್ಮ ಪುಸ್ತಕಗಳು ಎಲ್ಲಿಂದ ಬರುತ್ತವೆ, ಯಾವ ರೂಪದಲ್ಲಿ ಬರುತ್ತವೆ ಎಂಬುದನ್ನು ಮೊದಲು ನೋಡಿಕೊಂಡು, ಅದಕ್ಕೆ ತಕ್ಕ ಉಪಕರಣ ಹುಡುಕಬೇಕು.

ನಿಮ್ಮ ಗೆಳತಿಯ ಕಿಂಡಲ್‌ನಲ್ಲಿ ಪುಸ್ತಕ ಏಕೆ ತೆರೆಯಲಿಲ್ಲ ಎಂಬುದರಿಂದ ಶುರು ಮಾಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಇಪಬ್ ಎನ್ನುವುದು ಯಾವ ಕಂಪನಿಯ ಸ್ವತ್ತೂ ಅಲ್ಲದ, ಎಲ್ಲರಿಗೂ ಮುಕ್ತವಾದ ಮಾನದಂಡ. ವೆಬ್ ಪುಟಗಳಂತಹ ಪಠ್ಯ, ಚಿತ್ರ, ಫಾಂಟ್ ಎಲ್ಲವನ್ನೂ ಒಂದೇ ಜಿಪ್ ಕಡತದಲ್ಲಿ ಕಟ್ಟಿಟ್ಟರೆ ಅದೇ ಇಪಬ್. 2017ರಿಂದ ಅದರ ಉಸ್ತುವಾರಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯದ್ದು. ಆದರೆ ಮಾರಾಟಗಾರರು ಈ ಕಡತದ ಮೇಲೆ ಡಿಆರ್‌ಎಂ ಎಂಬ ಗೂಢಲಿಪಿಯ ಬೀಗ ಹಾಕುತ್ತಾರೆ. ಫಾರ್ಮ್ಯಾಟ್ ಬೇರೆ, ಬೀಗ ಬೇರೆ. ಒಳಗಿನ ಫಾರ್ಮ್ಯಾಟ್ ಒಂದೇ ಆಗಿದ್ದರೂ ಒಬ್ಬರ ಬೀಗಕ್ಕೆ ಇನ್ನೊಬ್ಬರ ಉಪಕರಣದಲ್ಲಿ ಕೀಲಿ ಇರುವುದಿಲ್ಲ. ಹಲವು ಅಂಗಡಿಗಳು ಬಳಸುವುದು ಅಡೋಬಿ ಕಂಪನಿಯ ಬೀಗವನ್ನು. ಕೋಬೋ ಮತ್ತು ಪಾಕೆಟ್‌ಬುಕ್ ಇ-ರೀಡರ್‌ಗಳು ಅದನ್ನು ಬಲ್ಲವು, ಕಿಂಡಲ್ ಅರಿಯದು. ನೀವು ಇಳಿಸಿಕೊಂಡ ಫೈಲ್‌ನ ಹೆಸರಿನ ಕೊನೆಯಲ್ಲಿ ಎಸಿಎಸ್‌ಎಂ ಎಂದಿದ್ದರೆ ಅದು ಪುಸ್ತಕವೂ ಅಲ್ಲ, ಪುಸ್ತಕ ತರಿಸಿಕೊಳ್ಳುವ ಚೀಟಿ ಮಾತ್ರ. ಅದನ್ನು ಕಂಪ್ಯೂಟರಿನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ತಂತ್ರಾಂಶದಿಂದ ತೆರೆದು, ನಿಮ್ಮ ಅಡೋಬಿ ಖಾತೆಗೆ ಜೋಡಿಸಿದ ಮೇಲೆಯೇ ನಿಜವಾದ ಪುಸ್ತಕ ಇಳಿಯುತ್ತದೆ.

ಬೀಗವಿಲ್ಲದ ಇಪಬ್ ಆದರೆ ಕಿಂಡಲ್‌ಗೂ ಹೋಗುತ್ತದೆ. ಕೇಬಲ್ ಹಾಕಿ ನಕಲಿಸಿದರೆ ತೆರೆಯದು, ಆದರೆ ಅಮೆಜಾನ್ ಕಂಪನಿಯ ಸೆಂಡ್ ಟು ಕಿಂಡಲ್ ಸೇವೆಗೆ ಕಳುಹಿಸಿದರೆ ಅದನ್ನು ತನ್ನ ಫಾರ್ಮ್ಯಾಟ್‌ಗೆ ಪರಿವರ್ತಿಸಿ ಉಪಕರಣಕ್ಕೆ ತಲುಪಿಸುತ್ತದೆ. 2022ರಿಂದ ಈ ಅನುಕೂಲವಿದೆ. ಕಿಂಡಲ್‌ನ ಯಂತ್ರ ಒಳ್ಳೆಯದು, ಅಕ್ಷರ ಸ್ಪಷ್ಟ, ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಆದರೂ ಕನ್ನಡಿಗರಿಗೆ ಅದನ್ನು ಮೊದಲ ಆಯ್ಕೆಯಾಗಿ ಸೂಚಿಸಲು ನನಗೆ ಮನಸ್ಸಿಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದು ಭಾಷೆಗಳು ಸೇರಿದವು, ಕನ್ನಡ ಸೇರಲಿಲ್ಲ. ಇಲ್ಲಿ ಪುಣೆಯಲ್ಲಿ ನನ್ನ ಮರಾಠಿ ಸಹೋದ್ಯೋಗಿಗಳು ಕಿಂಡಲ್‌ನಲ್ಲಿಯೇ ತಮ್ಮ ಭಾಷೆಯ ಕಾದಂಬರಿ ಕೊಂಡು ಓದುವುದನ್ನು ಕಂಡಾಗಲೆಲ್ಲ ನನಗೆ ಇದು ನೋವಿನ ಸಂಗತಿಯೇ. ಇನ್ನೊಂದು ಮಾತು: ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು ಅವರು 2025ರ ಫೆಬ್ರವರಿ 26ರಿಂದ ತೆಗೆದುಹಾಕಿದರು.

ಕನ್ನಡ ಇ-ಪುಸ್ತಕಗಳು ಇಂದು ಹೆಚ್ಚಾಗಿ ಸಿಗುವುದು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಮೊದಲಾದ ಕಡೆಗಳಲ್ಲಿ. ಇವುಗಳಿಗೆ ಆಂಡ್ರಾಯ್ಡ್ ಆ್ಯಪ್‌ಗಳಿವೆ. ಆದ್ದರಿಂದ ನಿಮ್ಮಂತೆ ಆ್ಯಪ್ ಒಳಗೆ ಪುಸ್ತಕ ಕೊಂಡವರಿಗೆ ಬೀಗ ಮುಟ್ಟದೆಯೇ ಇರುವ ನೇರ ದಾರಿಯೆಂದರೆ, ಆಂಡ್ರಾಯ್ಡ್ ನಡೆಸುವ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ಉಪಕರಣ ಕೊಂಡು ಅದರಲ್ಲಿ ಅದೇ ಆ್ಯಪ್ ಹಾಕಿಕೊಳ್ಳುವುದು. ಓನಿಕ್ಸ್ ಕಂಪನಿಯ ಬೂಕ್ಸ್ ಉಪಕರಣಗಳು ಈ ಬಗೆಯವು. ಪುಟ ತಿರುಗಿಸಲು ಪಕ್ಕದಲ್ಲಿ ಗುಂಡಿಗಳಿರುವ 7 ಇಂಚಿನ ಮಾದರಿ ನಿಮ್ಮ ಲೋಕಲ್ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. 6 ಇಂಚಿನ ಇ-ರೀಡರ್‌ಗಳು ಸಾಮಾನ್ಯವಾಗಿ 160 ಗ್ರಾಂ, 7 ಇಂಚಿನವು 200 ಗ್ರಾಂ ಆಸುಪಾಸು ತೂಗುತ್ತವೆ. ಕೈಗೆ ಈ ವ್ಯತ್ಯಾಸ ಕಲ್ಯಾಣದಿಂದ ದಾದರ್ ಬರುವಷ್ಟರಲ್ಲಿ ತಿಳಿಯುತ್ತದೆ, ಆದರೆ ಗುಂಡಿಯ ಸೌಕರ್ಯ ಅದನ್ನು ಮರೆಸುತ್ತದೆ.

ಆಂಡ್ರಾಯ್ಡ್‌ನ ಕುಂದುಗಳನ್ನೂ ಹೇಳಬೇಕು. ಬ್ಯಾಟರಿ ವಾರಗಳ ಬದಲು ದಿನಗಳ ಲೆಕ್ಕದಲ್ಲಿ ಬರುತ್ತದೆ. ಫೋನಿನ ಪರದೆಗಾಗಿ ಬರೆದ ಆ್ಯಪ್‌ಗಳಲ್ಲಿ ಪುಟ ಜಾರುವ ಚಲನೆಯಿರುತ್ತದೆ. ಇ-ಇಂಕ್ ಪರದೆಯಲ್ಲಿ ಕಪ್ಪು ಬಿಳುಪಿನ ಸೂಕ್ಷ್ಮ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುವುದರಿಂದ ಅಂತಹ ಚಲನೆಯಲ್ಲಿ ಹಿಂದಿನ ಪುಟದ ಮಸುಕು ನೆರಳು ಉಳಿಯುತ್ತದೆ. ಆ್ಯಪ್‌ನಲ್ಲಿ ಚಲನೆಯನ್ನು ನಿಲ್ಲಿಸಿ, ಧ್ವನಿಯ ಗುಂಡಿಯಿಂದ ಪುಟ ತಿರುಗಿಸುವ ಆಯ್ಕೆಯನ್ನು ಹಾಕಿಕೊಂಡರೆ ಬಹುಪಾಲು ಸರಿಹೋಗುತ್ತದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಖಂಡಿತ ಮಾಡಿ. ಸ್ವಾತಂತ್ರ್ಯ, ಅರ್ಘ್ಯ, ಕರ್ತೃ, ಲಕ್ಷ್ಮಿ, ರ‍್ಯಾಂಕ್ ಈ ಪದಗಳಿರುವ ಒಂದು ಪುಟ್ಟ ಇಪಬ್ ಸಿದ್ಧಮಾಡಿಕೊಂಡು ಉಪಕರಣದಲ್ಲಿ ತೆರೆದು ನೋಡಿ. ಫಾಂಟ್ ಇದ್ದ ಮಾತ್ರಕ್ಕೆ ಕನ್ನಡ ಸರಿಯಾಗಿ ಮೂಡುವುದಿಲ್ಲ. ಒತ್ತಕ್ಷರವನ್ನು ಕೆಳಗೆ ಇಳಿಸುವುದು, ಅರ್ಕಾವತ್ತನ್ನು ಅಕ್ಷರದ ಮುಂದಕ್ಕೆ ಒಯ್ಯುವುದು ಇವೆಲ್ಲ ಅಕ್ಷರ ಜೋಡಣೆಯ ತಂತ್ರಾಂಶದ ಕೆಲಸ. ಅದು ಸರಿಯಿಲ್ಲದಿದ್ದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ, ಪುಸ್ತಕ ಓದಲಾಗುವುದಿಲ್ಲ. ಕೋಬೋ, ಪಾಕೆಟ್‌ಬುಕ್ ಮತ್ತು ಆಂಡ್ರಾಯ್ಡ್‌ನಲ್ಲಿ ಓಡುವ ಕೆಒರೀಡರ್ ಎಂಬ ಉಚಿತ ಮುಕ್ತ ತಂತ್ರಾಂಶವು ಹಾರ್ಫ್‌ಬಜ್ ಎಂಬ ಜೋಡಣಾ ತಂತ್ರಾಂಶವನ್ನು ಬಳಸುವುದರಿಂದ, ನೋಟೋ ಸೆರಿಫ್ ಕನ್ನಡದಂತಹ ಫಾಂಟ್ ಕೊಟ್ಟರೆ ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ.

ಡೊಂಬಿವಲಿಯ ಓದುಗಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು ಸರ್. ನೋಡಿದೆ, ನನ್ನ ಇಂಗ್ಲಿಷ್ ಪುಸ್ತಕಗಳ ಫೈಲ್‌ಗಳು ಎಸಿಎಸ್‌ಎಂ ಎಂದೇ ಇವೆ. ತಂದೆಯವರ ಸ್ಕ್ಯಾನ್ ಪುಸ್ತಕಗಳಿಗೂ 7 ಇಂಚು ಸಾಕಾಗುವುದೇ? ಫೋನಿನಲ್ಲಿ ಅವರು ಪ್ರತಿ ಸಾಲಿಗೂ ಪುಟವನ್ನು ಎಳೆದಾಡುತ್ತ ಓದುವುದನ್ನು ನೋಡಲಾಗುವುದಿಲ್ಲ.

ಉತ್ತರ: ಮಡಗಾಂವಿನಿಂದ

ಅಕ್ಕ, ಸ್ಕ್ಯಾನ್ ಪುಸ್ತಕಗಳ ವಿಚಾರ ನಾನು ಹೇಳುತ್ತೇನೆ. ಗೋವಾದಲ್ಲಿ ಕನ್ನಡ ಪುಸ್ತಕದ ಅಂಗಡಿ ಹುಡುಕುವುದು ಸುಲಭವಲ್ಲದ ಕಾರಣ ನನ್ನ ಓದೆಲ್ಲ ಬಹುಕಾಲದಿಂದ ಈ ಪಿಡಿಎಫ್‌ಗಳ ಮೇಲೆಯೇ ನಿಂತಿದೆ.

7 ಇಂಚು ಸಾಲದು. ನಮ್ಮ ಹಳೆಯ ಕಾದಂಬರಿ, ಪ್ರಬಂಧ ಸಂಕಲನಗಳು ಹೆಚ್ಚಾಗಿ ಡೆಮಿ 1/8 ಅಥವಾ ಕ್ರೌನ್ 1/8 ಆಕಾರದವು. ಡೆಮಿ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಮೂಲೆಯಿಂದ ಮೂಲೆಗೆ ಅಳೆದರೆ ಹತ್ತು ಇಂಚಿಗೆ ತುಸು ಹೆಚ್ಚು. ಇ-ರೀಡರ್‌ಗಳ ಪರದೆಯನ್ನು ಅಳೆಯುವುದೂ ಮೂಲೆಯಿಂದ ಮೂಲೆಗೇ. ಅಂದರೆ 10.3 ಇಂಚಿನ ಪರದೆಯಲ್ಲಿ ಡೆಮಿ ಪುಟವು ಬಹುತೇಕ ಅಚ್ಚಿನ ಗಾತ್ರದಲ್ಲಿಯೇ ಕಾಣುತ್ತದೆ. ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿಬಿಟ್ಟರೆ ಅಕ್ಷರವಿರುವ ಭಾಗ ಸುಮಾರು 8 ಇಂಚಿಗೆ ಇಳಿಯುತ್ತದೆ, ಆಗ 7.8 ಇಂಚಿನ ಪರದೆಯಲ್ಲಿಯೂ ಬಹುತೇಕ ಅಚ್ಚಿನ ಗಾತ್ರವೇ ಸಿಗುತ್ತದೆ. ಅದೇ ಪುಟವನ್ನು 6 ಇಂಚಿನ ಪರದೆಗೆ ತುರುಕಿದರೆ ಅಕ್ಷರ ಮುಕ್ಕಾಲು ಪಾಲಿಗೆ ಕುಗ್ಗುತ್ತದೆ. ನಿಮ್ಮ ತಂದೆಯವರಿಗೆ ಅಚ್ಚಿಗಿಂತ ದೊಡ್ಡ ಅಕ್ಷರ ಬೇಕಾಗಿರುವುದರಿಂದ 10.3 ಇಂಚಿನ ಪರದೆ ಮತ್ತು ಕತ್ತರಿಸಿದ ಅಂಚು, ಎರಡೂ ಸೇರಿದರೆ ಮಾತ್ರ ಓದು ಹಿತವಾಗುತ್ತದೆ. ಕೈಯಲ್ಲಿ ಹಿಡಿದು ಓದಲು ಅದು ಭಾರ, ಮೇಜಿನ ಮೇಲೆ ಒರಗಿಸಿಟ್ಟುಕೊಳ್ಳಲು ಸ್ಟ್ಯಾಂಡ್ ಇರುವ ಕವರ್ ಜೊತೆಗೇ ಕೊಂಡುಬಿಡಿ. ಅಂಚು ಕತ್ತರಿಸುವ ಕೆಲಸವನ್ನು ಕೆಒರೀಡರ್ ಪ್ರತಿ ಪುಟಕ್ಕೂ ತಾನಾಗಿಯೇ ಮಾಡುತ್ತದೆ, ಮಸುಕಾದ ಅಚ್ಚನ್ನು ಗಾಢಗೊಳಿಸುವ ಆಯ್ಕೆಯೂ ಅದರಲ್ಲಿದೆ. ಹಳದಿಗಟ್ಟಿದ ಹಾಳೆಯ ಸ್ಕ್ಯಾನ್ ಪ್ರತಿಗಳಿಗೆ ಈ ಗಾಢತೆಯ ಆಯ್ಕೆ ತುಂಬಾ ಮುಖ್ಯ. ಅದಿಲ್ಲದೆ ಇ-ಇಂಕ್ ಪರದೆಯಲ್ಲಿ ಹಿನ್ನೆಲೆಯೆಲ್ಲ ಬೂದುಬಣ್ಣವಾಗಿ ಅಕ್ಷರ ಮುಳುಗಿಹೋಗುತ್ತದೆ.

ಒಂದೇ ಉಪಕರಣದಲ್ಲಿ ಇಬ್ಬರ ಅಗತ್ಯವೂ ತೀರಲಿ ಎಂದು 7.8 ಇಂಚಿನದಕ್ಕೆ ಬಂದು ನಿಲ್ಲಬೇಡಿ ಎಂದೇ ನನ್ನ ಸಲಹೆ. ಲೋಕಲ್‌ನಲ್ಲಿ ಅದು ನಿಮಗೆ ದೊಡ್ಡದಾಗುತ್ತದೆ, ಮನೆಯಲ್ಲಿ ಅವರಿಗೆ ಚಿಕ್ಕದಾಗುತ್ತದೆ. ಮೊದಲು ತಂದೆಯವರಿಗೆ ದೊಡ್ಡದನ್ನು ಕೊಂಡು, ನಿಮ್ಮದನ್ನು ಆಮೇಲೆ ನೋಡಿ. ಓದಲು ಕಷ್ಟಪಡುತ್ತಿರುವವರು ಅವರು.

ಸ್ಕ್ಯಾನ್ ಪಿಡಿಎಫ್ ಎಂದರೆ ಪುಟದ ಚಿತ್ರ. ಅದರಲ್ಲಿ ಅಕ್ಷರದ ಗಾತ್ರವನ್ನು ಮಾತ್ರ ಹಿಗ್ಗಿಸಿ ಸಾಲುಗಳನ್ನು ಹೊಸದಾಗಿ ಹೊಂದಿಸಲು ಸುಲಭವಾಗಿ ಆಗುವುದಿಲ್ಲ. ಆದ್ದರಿಂದ ಯಾವ ಕೃತಿಗಾದರೂ ಬೆರಳಚ್ಚಿಸಿದ ಪಠ್ಯ ಸಿಗುವುದಾದರೆ ಸ್ಕ್ಯಾನ್ ಬಿಟ್ಟು ಅದನ್ನೇ ತೆಗೆದುಕೊಳ್ಳಿ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಕೃತಿಗಳನ್ನು ಇಪಬ್ ಆಗಿ ಇಳಿಸಿಕೊಳ್ಳಬಹುದು, ಬೀಗವೂ ಇಲ್ಲ, ಬೆಲೆಯೂ ಇಲ್ಲ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ನಂತರದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. 1963ರಲ್ಲಿ ನಿಧನರಾದ ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತಾಗಿವೆ. ಪಂಜೆ ಮಂಗೇಶರಾಯರು, ಗಳಗನಾಥರು, ಬಿ.ಎಂ.ಶ್ರೀ, ಕೈಲಾಸಂ ಇವರದ್ದು ಅದಕ್ಕೂ ಮೊದಲೇ ಆಗಿವೆ. ಡಿವಿಜಿಯವರು 1975ರಲ್ಲಿ ತೀರಿಕೊಂಡರು, ಅವರ ಕೃತಿಗಳಿಗೆ 2035ರ ಕೊನೆಯವರೆಗೂ ಹಕ್ಕು ಇದೆ. ಹಾಗಾಗಿ ಅಂತರಜಾಲದಲ್ಲಿ ಸಿಕ್ಕಿದ್ದೆಲ್ಲ ಮುಕ್ತವೆಂದು ತಿಳಿಯದೆ ಲೇಖಕರ ವರ್ಷವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಉತ್ತರ: ಮಾಟುಂಗಾದಿಂದ

ವೃತ್ತಿಯಿಂದ ನಾನು ವಕೀಲ. ಬೀಗ ಮುರಿಯುವ ತಂತ್ರಾಂಶಗಳ ಮಾತು ಇಂತಹ ಚರ್ಚೆಗಳಲ್ಲಿ ಬೇಗನೆ ಬರುವುದರಿಂದ, ಅದು ಬರುವ ಮೊದಲೇ ಕಾನೂನು ಹೇಳುವುದನ್ನು ಬರೆದಿಡುತ್ತೇನೆ.

1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ ಸೆಕ್ಷನ್ 65ಎ ಸೇರಿತು. ಕೃತಿಯ ಹಕ್ಕುಗಳನ್ನು ಕಾಪಾಡಲು ಅಳವಡಿಸಿದ ತಾಂತ್ರಿಕ ರಕ್ಷಣೆಯನ್ನು ಆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಭೇದಿಸಿದರೆ ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡ ಎಂದು ಅದು ಹೇಳುತ್ತದೆ. ಇಲ್ಲಿ ಉದ್ದೇಶ ಎಂಬ ಮಾತಿಗೆ ತೂಕವಿದೆ. ಕಾಯ್ದೆಯು ನಿಷೇಧಿಸದ ಉದ್ದೇಶಕ್ಕಾಗಿ ಮಾಡಿದ ಕೆಲಸಕ್ಕೆ ಅದೇ ಸೆಕ್ಷನ್ ವಿನಾಯಿತಿಯನ್ನೂ ಕೊಡುತ್ತದೆ, ಖಾಸಗಿ ಬಳಕೆಯ ನ್ಯಾಯೋಚಿತ ವ್ಯವಹಾರಕ್ಕೆ ಸೆಕ್ಷನ್ 52ರಲ್ಲಿ ಅವಕಾಶವಿದೆ. ಆದರೂ ಅಂಗಡಿಯ ಕರಾರಿಗೆ ನೀವು ಒಪ್ಪಿಗೆ ಕೊಟ್ಟಿರುತ್ತೀರಿ, ಕರಾರು ಮುರಿದರೆ ಅವರು ನಿಮ್ಮ ಖಾತೆಯನ್ನೇ ಮುಚ್ಚಬಹುದು. ಹೀಗಿರುವಾಗ ಪುಣೆಯವರು ಸೂಚಿಸಿದ ದಾರಿ, ಎಂದರೆ ಬೀಗವನ್ನು ಗೌರವಿಸಿಯೇ ಅದು ತೆರೆಯುವ ಉಪಕರಣವನ್ನು ಆರಿಸುವುದು, ಎಲ್ಲ ರೀತಿಯಿಂದಲೂ ಕ್ಷೇಮ.

ಕೊಳ್ಳುವವರು ತಿಳಿದಿರಬೇಕಾದ ಇನ್ನೂ ದೊಡ್ಡ ಸಂಗತಿ ಬೇರೆ ಇದೆ. ಬೀಗ ಹಾಕಿದ ಇ-ಪುಸ್ತಕವನ್ನು ನೀವು ಕೊಳ್ಳುವುದಿಲ್ಲ, ಓದುವ ಪರವಾನಗಿ ಪಡೆಯುತ್ತೀರಿ. ಕಿಂಗ್ಸ್ ಸರ್ಕಲ್‌ನ ಪಾದಚಾರಿ ಮಾರ್ಗದಲ್ಲಿ ಹಳೆಯ ಪುಸ್ತಕ ಕೊಂಡವರು ಅದನ್ನು ಓದಿ ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು, ಮಗಳಿಗೆ ಬಿಟ್ಟುಹೋಗಬಹುದು. ಪರವಾನಗಿಗೆ ಈ ಯಾವ ಗುಣವೂ ಇಲ್ಲ. 2009ರ ಜುಲೈನಲ್ಲಿ ಜಾರ್ಜ್ ಆರ್ವೆಲ್ ಅವರ ಎರಡು ಪುಸ್ತಕಗಳ ಪ್ರತಿಗಳನ್ನು, ಅವುಗಳನ್ನು ಮಾರಿದವರಿಗೆ ಹಕ್ಕಿರಲಿಲ್ಲ ಎಂಬ ಕಾರಣಕ್ಕೆ, ಅಮೆಜಾನ್ ಓದುಗರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತು. ಹಣ ಹಿಂದಿರುಗಿಸಿತು, ನಂತರ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೆಲ್ಲ ತೆರೆಯದಾದವು. ಅಲ್ಲಿಯೂ ಹಣ ವಾಪಸ್ ಬಂತು. ಆದರೆ ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಗಳ ಕಥೆ ಏನು? ಅಷ್ಟು ದೊಡ್ಡ ಕಂಪನಿಗಳಲ್ಲಿಯೇ ಹೀಗಾದರೆ, ಸಣ್ಣ ಬಂಡವಾಳದ ಅಂಗಡಿಗಳು ನಿಂತುಹೋದಾಗ ಓದುಗರಿಗೆ ಹಣವೂ ಬಾರದೆ ಹೋಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿಯಿಂದ, ಮಾರುತ್ತಿರುವುದು ಪರವಾನಗಿ ಮಾತ್ರ ಎಂಬುದನ್ನು ಅಂಗಡಿಯು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂಬ ಕಾನೂನು ಜಾರಿಯಲ್ಲಿದೆ. ನಮ್ಮಲ್ಲಿಯೂ ಅಂತಹದೊಂದು ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಬೀಗ ಹಾಕಿದ ಪುಸ್ತಕಕ್ಕೆ ಒಮ್ಮೆ ಓದಿ ಮುಗಿಸುವಷ್ಟರ ಬೆಲೆ ಮಾತ್ರ ಕೊಡಿ. ಮನೆಯಲ್ಲಿ ಉಳಿಯಲೇಬೇಕು ಎನಿಸುವ ಪುಸ್ತಕವನ್ನು ಬೂಷ್ಟಿನ ಭಯವಿದ್ದರೂ ಕಾಗದದಲ್ಲಿಯೇ ಕೊಳ್ಳಿ, ಇಲ್ಲವೇ ಬೀಗವಿಲ್ಲದ ಫೈಲ್ ಕೊಡುವ ಪ್ರಕಾಶಕರಿಂದ ಕೊಳ್ಳಿ.

ಉತ್ತರ: ಠಾಣೆಯಿಂದ

ಕನ್ನಡದ ಸಣ್ಣ ಪ್ರಕಾಶನವೊಂದರ ಅಕ್ಷರ ಜೋಡಣೆ ಮತ್ತು ಇ-ಪುಸ್ತಕದ ಕೆಲಸವನ್ನು ನಾನು ಇಲ್ಲಿಂದಲೇ ಮಾಡಿಕೊಡುತ್ತೇನೆ. ಪ್ರಕಾಶಕರ ಕಡೆಯ ಮಾತನ್ನೂ ಸೇರಿಸುತ್ತೇನೆ.

ಬೀಗ ಬೇಕೋ ಬೇಡವೋ ಎಂಬ ತೀರ್ಮಾನ ಅನೇಕ ಅಂಗಡಿಗಳಲ್ಲಿ ಪ್ರಕಾಶಕರ ಕೈಯಲ್ಲಿಯೇ ಇರುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿಯೂ ಹಾಗೆಯೇ. ಕನ್ನಡ ಪ್ರಕಾಶಕರು ಬೀಗ ಆರಿಸುವುದಕ್ಕೆ ಕಾರಣ ದುರಾಸೆಯಲ್ಲ. ಸಾವಿರ ಪ್ರತಿಯ ಮುದ್ರಣ ಮಾರಿ ಮುಗಿಸಲು ವರ್ಷಗಳು ಬೇಕಾಗುವ ಕಡೆ, ಪುಸ್ತಕದ ಪಿಡಿಎಫ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವುದನ್ನು ಕಂಡ ಲೇಖಕರಿಗೆ ಆಗುವ ಸಂಕಟ ನಿಜವಾದದ್ದು. ಆದರೆ ಹಾಗೆ ಹರಿದಾಡುವುದು ಹೆಚ್ಚಾಗಿ ಕಾಗದದ ಪುಸ್ತಕದ ಸ್ಕ್ಯಾನ್ ಪ್ರತಿ, ಇ-ಪುಸ್ತಕದ ಬೀಗದಿಂದ ಅದನ್ನು ತಡೆಯಲಾಗುವುದಿಲ್ಲ. ಹಣ ಕೊಟ್ಟ ಓದುಗರಿಗಷ್ಟೇ ಬೀಗದ ತೊಂದರೆ. ಕೊಂಡವರ ಹೆಸರನ್ನು ಫೈಲ್‌ನೊಳಗೆ ಅಚ್ಚೊತ್ತುವ ಪದ್ಧತಿ ಇದಕ್ಕಿಂತ ಒಳ್ಳೆಯದು: ಓದುಗರು ಯಾವ ಉಪಕರಣದಲ್ಲಿ ಬೇಕಾದರೂ ಓದಬಹುದು, ಫೈಲ್ ಸೋರಿದರೆ ಎಲ್ಲಿಂದ ಸೋರಿತೆಂದು ತಿಳಿಯುತ್ತದೆ. ಈ ಪದ್ಧತಿಯನ್ನು ನಾನು ಕೆಲಸ ಮಾಡುವ ಕಡೆ ಒತ್ತಾಯಿಸುತ್ತಲೇ ಇದ್ದೇನೆ. ನಿಮ್ಮಂತಹ ಓದುಗರು ಎರಡು ಸಾಲಿನ ಪತ್ರ ಬರೆದು ಬೀಗವಿಲ್ಲದ ಇಪಬ್ ಕೊಡುವಿರಾ ಎಂದು ಕೇಳಿದರೆ ನನ್ನ ಮಾತಿಗೆ ಬಲ ಬರುತ್ತದೆ. ಸಣ್ಣ ಪ್ರಕಾಶನಗಳಲ್ಲಿ ಅಂತಹ ಪತ್ರವನ್ನು ಮಾಲೀಕರೇ ಓದುತ್ತಾರೆ.

ನುಡಿ, ಶ್ರೀಲಿಪಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳಲ್ಲಿ ಸಿದ್ಧವಾದ ಹಳೆಯ ಕಾಲದ ಪಿಡಿಎಫ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅವು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಆದರೆ ಒಳಗಿನ ಸಂಕೇತ ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಅಲ್ಲವಾದ್ದರಿಂದ, ಕ್ಯಾಲಿಬರ್ ಮುಂತಾದ ತಂತ್ರಾಂಶದಿಂದ ಇಪಬ್‌ಗೆ ಪರಿವರ್ತಿಸಲು ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಅವುಗಳನ್ನು ಪಿಡಿಎಫ್ ಆಗಿಯೇ ಇಟ್ಟುಕೊಂಡು ದೊಡ್ಡ ಪರದೆಯಲ್ಲಿ ಓದಿ. ಯೂನಿಕೋಡ್ ಪಠ್ಯವಿರುವ ಬೀಗವಿಲ್ಲದ ಇಪಬ್‌ಗಳಿಗಾದರೆ ಕ್ಯಾಲಿಬರ್‌ನಲ್ಲಿ ಕನ್ನಡ ಫಾಂಟನ್ನು ಪುಸ್ತಕದೊಳಗೇ ಸೇರಿಸಿಡಬಹುದು. ಆಗ ಉಪಕರಣದಲ್ಲಿ ಕನ್ನಡ ಫಾಂಟ್ ಇಲ್ಲ ಎಂಬ ತೊಂದರೆ ತಪ್ಪುತ್ತದೆ.

ಡೊಂಬಿವಲಿಯ ಓದುಗಿ

ಎಲ್ಲರ ಉತ್ತರವನ್ನೂ ತಂದೆಯವರಿಗೆ ಓದಿ ಹೇಳಿದೆ. ಡೆಮಿ ಪುಟದ ಲೆಕ್ಕ ಅವರಿಗೆ ಬಹಳ ಹಿಡಿಸಿತು, ಅಳತೆಪಟ್ಟಿ ತಂದು ಕಪಾಟಿನ ಪುಸ್ತಕಗಳನ್ನು ಅಳೆದೂ ನೋಡಿದರು. ಮಡಗಾಂವಿನ ಅಣ್ಣ ಹೇಳಿದಂತೆ ಮೊದಲು ಅವರಿಗೆ 10.3 ಇಂಚಿನ ಆಂಡ್ರಾಯ್ಡ್ ಇ-ಇಂಕ್ ಉಪಕರಣ ಕೊಳ್ಳುವುದೆಂದು ನಿಶ್ಚಯಿಸಿದ್ದೇವೆ, ನಾನು ಆ್ಯಪ್‌ನಲ್ಲಿ ಕೊಂಡ ಕನ್ನಡ ಪುಸ್ತಕಗಳನ್ನು ಅವರೂ ಅದರಲ್ಲಿ ದೊಡ್ಡ ಅಕ್ಷರದಲ್ಲಿ ಓದಬಹುದು. ಪರೀಕ್ಷೆಯ ಇಪಬ್ ಸಿದ್ಧಮಾಡಿಕೊಂಡೇ ಕೊಳ್ಳಲು ಹೋಗುತ್ತೇನೆ. ಎಸಿಎಸ್‌ಎಂ ಪುಸ್ತಕಗಳ ಬಗ್ಗೆ ಒಂದು ಕೊನೆಯ ಪ್ರಶ್ನೆ: ಒಂದು ಅಡೋಬಿ ಖಾತೆಯಲ್ಲಿ ಎರಡು ಉಪಕರಣಗಳನ್ನು ಜೋಡಿಸಬಹುದೇ?

ಉತ್ತರ: ಪುಣೆ, ಕೋಥ್ರುಡ್‌ನಿಂದ

ಖಂಡಿತ ಜೋಡಿಸಬಹುದು. ಒಂದು ಖಾತೆಗೆ ಆರು ಉಪಕರಣಗಳವರೆಗೆ ಅವಕಾಶವಿದೆ, ಕಂಪ್ಯೂಟರನ್ನೂ ಅದರಲ್ಲಿ ಒಂದೆಂದು ಎಣಿಸುತ್ತಾರೆ. ಹಳೆಯ ಫೋನ್ ಅಥವಾ ಕಂಪ್ಯೂಟರನ್ನು ಮಾರುವ ಮುನ್ನ ಅದರ ಜೋಡಣೆಯನ್ನು ರದ್ದುಪಡಿಸಲು ಮರೆಯಬೇಡಿ, ಇಲ್ಲವಾದರೆ ಆ ಸ್ಥಾನ ಸುಮ್ಮನೆ ತುಂಬಿಕೊಂಡಿರುತ್ತದೆ. ಆಂಡ್ರಾಯ್ಡ್ ಉಪಕರಣದಲ್ಲಿ ಅಡೋಬಿಯ ಆ್ಯಪ್ ಹಾಕಿಕೊಂಡು ಅದೇ ಖಾತೆಯಿಂದ ಒಳಹೊಕ್ಕರೆ ಸಾಕು. ಇಬ್ಬರೂ ಒಂದೇ ಖಾತೆಯನ್ನು ಬಳಸಿ, ನಂತರ ಬೇರೆ ಖಾತೆಗೆ ಪುಸ್ತಕ ವರ್ಗಾಯಿಸಲು ಬರುವುದಿಲ್ಲ.